ಮೂರು ಸಲ ಕೊಟ್ಟ ಡಾಕ್

ರಾಗ್ನಾ ಟ್ವೇಟ್ ‘ಪರವಾಗಿಲ್ಲ’ ಅಂದಳೆಂದರೆ ಅವಳನ್ನು ಬಲ್ಲವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಗಂಡ ಆರ್ವಿಡ್ ಬದುಕಿದ್ದಾಗ ಮಗನಿಗೆ ಹೇಳುತ್ತಿದ್ದ: “ನಿಮ್ಮಮ್ಮ ಕೂಗಾಡಿದ್ರೆ ಹೆದರ್ಬೇಡ ಕಣೋ. ಪರವಾಗಿಲ್ಲ ಅಂದ್ಲು ಅಂದ್ರೆ ಮಾತ್ರ ಓಡು.”

ಟಾಮರಾಕ್ ಸರೋವರದ ಕಾಟೇಜುಗಳ ಹೊಸ ಒಡೆಯ ಪ್ರೆಂಟಿಸನಿಗೆ ಇದನ್ನು ಹೇಳಿಕೊಟ್ಟವರಿರಲಿಲ್ಲ. ಅವನು ಎಲ್ಲೋ ಅರಿಜೋನದ ಮರಳುಗಾಡಿನಿಂದ ಬಂದವನು. ಮಿನಿಸೋಟದ ಜನ ಮೆತ್ತಗೆ ಮಾತಾಡುವುದನ್ನು ಕೇಳಿ, ಮೆತ್ತಗಿನ ಜನವೇ ಇರಬೇಕು ಎಂದುಕೊಂಡಿದ್ದ.

ಗೇಟಿನಲ್ಲಿ ಹೊಸ ಫಲಕ ನಿಂತಿತ್ತು. ‘ನಿಮ್ಮ ಮುದ್ದು ಪ್ರಾಣಿಗಳಿಗೂ ಇದೇ ಮನೆ’ ಎಂಬ ಬರಹ, ಸುತ್ತ ನಾಯಿಯ ಹೆಜ್ಜೆಗಳ ಚಿತ್ತಾರ. ಕಾರಿನ ಹಿಂದಿನ ಸೀಟಿನಲ್ಲಿ ಲೆಫ್ಸೆ, ರಾಗ್ನಾಳ ಮೊಮ್ಮಗಳು ಟೆಸ್ಸಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಅರೆಬೆಂದ ಆಲೂಗಡ್ಡೆ ರೊಟ್ಟಿಯ ಬಣ್ಣದ ನಾಯಿ. ಆ ರೊಟ್ಟಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ವಯಸ್ಸಾಗಿ ಹಿಂಗಾಲು ಸೋತುಹೋಗಿದ್ದವು. ಇನ್ನೊಂದು ಬೇಸಿಗೆ ಕಾಣುವುದಿಲ್ಲ ಎಂದು ದನದ ಡಾಕ್ಟರೂ ಹೇಳಿಯಾಗಿತ್ತು.

“ಆರನೇ ಕಾಟೇಜಾ?” ಪ್ರೆಂಟಿಸ್ ನಕ್ಕ. “ಅದೀಗ ಪ್ರೀಮಿಯಂ, ಮೇಡಂ. ನಾಯಿ ಇರೋರಿಗೆಲ್ಲ ಒಂಬತ್ತನೇದು. ನಿಮಗೇನೂ ಬೇಜಾರಿಲ್ಲ ತಾನೆ?”

ಜುಲೈನ ಈ ವಾರ, ಆರನೆಯ ಕಾಟೇಜು ಟ್ವೇಟರದು. ಮಗ ಲೈಲ್ ತೊಟ್ಟಿಲ ಕೂಸಾಗಿದ್ದಾಗಿನಿಂದ ಅವರದು. ಕೆರೆಯ ಸುತ್ತಲಿನವರು ಕ್ಯಾಲೆಂಡರು ನೋಡದೆ ‘ಟ್ವೇಟರ ವಾರ ಬಂತು, ಹುಲ್ಲು ಕೊಯ್ಯೋಣ’ ಎನ್ನುತ್ತಿದ್ದರು.

“ಪರವಾಗಿಲ್ಲ,” ಅಂದಳು ರಾಗ್ನಾ.

ಲೈಲ್ ತಾಯಿಯ ಮುಖವನ್ನು ಓರೆಗಣ್ಣಲ್ಲಿ ನೋಡಿ, ಬಾಯಿ ಮುಚ್ಚಿಕೊಂಡು ಸಾಮಾನು ಇಳಿಸತೊಡಗಿದ.

ಒಂಬತ್ತನೆಯದು ಹಿಂದೆ ದೋಣಿಯ ಹುಟ್ಟುಗಳನ್ನು ಇಡುತ್ತಿದ್ದ ಕೊಟ್ಟಿಗೆ. ಒಂದೇ ಕಿಟಕಿ, ಅದು ತೆರೆಯುತ್ತಿದ್ದುದು ಮೀನು ಸೀಳುವ ಗುಡಿಸಲಿನ ಕಡೆಗೆ. ನೊಣ ಬೇಡವೆಂದರೆ ಗಾಳಿಯೂ ಇಲ್ಲ, ಗಾಳಿ ಬೇಕೆಂದರೆ ಕರುಳಿನ ನಾತವೂ ಬೇಕು. ಹಾಸಿಗೆಯ ನಡುವೆ ಹಳ್ಳ ಬಿದ್ದು, ಅಜ್ಜಿ ಮೊಮ್ಮಗಳು ರಾತ್ರಿಯೆಲ್ಲ ಒಬ್ಬರ ಮೇಲೊಬ್ಬರು ಉರುಳುತ್ತಿದ್ದರು. ಮುದ್ದು ಪ್ರಾಣಿಗಳ ಮನೆ ಎಂದರೆ ಜಲ್ಲಿಕಲ್ಲು ಸುರಿದ ಒಂದು ತಂತಿಬೇಲಿ, ಅದರೊಳಗೊಂದು ಸರಪಳಿ. ನಾಯಿ ದಡಕ್ಕೆ ಬರಕೂಡದು, ನೀರಿಗೆ ಇಳಿಯಕೂಡದು, ಡಾಕಿನ ಮೇಲಂತೂ ಕಾಲಿಡಲೇಕೂಡದು.

ಆ ಕೊನೆಯ ಮಾತಿಗೆ ಮಾತ್ರ ರಾಗ್ನಾ ತಲೆಯೆತ್ತಿದಳು.

ದೋಣಿ ಕಟ್ಟಲೆಂದು ದಡದಿಂದ ನೀರಿನೊಳಕ್ಕೆ ಚಾಚಿದ ಆ ಮರದ ಡಾಕನ್ನು ಕಟ್ಟಿದವನು ಆರ್ವಿಡ್. ಹಳೆಯ ಒಡತಿ ಓಪಲ್ ಮುದುಕಿ “ನನ್ನ ಹತ್ರ ಕೆರೆ ಇದೆ, ನಿನ್ನ ಹತ್ರ ಮರ ಇದೆ, ಇನ್ನೇನು ಬೇಕು” ಎಂದಿದ್ದಳು. ಅಷ್ಟೇ ಒಪ್ಪಂದ. ದೇವದಾರು ಹಲಗೆಗಳ ತುಂಡು ತುಂಡು ಅಟ್ಟಗಳು, ಕೆಳಗೆ ಕಬ್ಬಿಣದ ಕಾಲುಗಳು. ಮಂಜುಗಡ್ಡೆ ಕರಗಿದ ಮೇಲೆ ಬಂದು ಜೋಡಿಸಬೇಕು, ಕೆರೆ ಹೆಪ್ಪುಗಟ್ಟುವ ಮೊದಲು ಬಂದು ಬಿಚ್ಚಿ ಮೇಲಕ್ಕೆಳೆಯಬೇಕು. ಬಿಟ್ಟರೆ ಮಂಜು ಅದನ್ನು ಕಬ್ಬಿನಂತೆ ಜಗಿದು ಉಗಿಯುತ್ತದೆ. ಅಪ್ಪ ಮಗ ಪ್ರತಿ ವರ್ಷ ಬಂದರು. ಆರ್ವಿಡ್ ಹೋದ ಮೇಲೆ, ಈ ವಸಂತದಲ್ಲಿ ಲೈಲ್ ಒಬ್ಬನೇ ಬಂದು ಎದೆಮಟ್ಟದ ತಣ್ಣೀರಲ್ಲಿ ನಿಂತು ಜೋಡಿಸಿದ್ದ. ಪ್ರೆಂಟಿಸ್ ಕಿಟಕಿಯಿಂದ ಕಾಫಿ ಲೋಟ ಎತ್ತಿ ಕೈಬೀಸಿದ್ದನಂತೆ. ಬಾತುಕೋಳಿಗಳು ತಾವಾಗಿ ಬರುವಂತೆ ಡಾಕೂ ತಾನಾಗಿ ಬರುತ್ತದೆಂದು ತಿಳಿದಿದ್ದನೋ ಏನೋ.

ಡಾಕಿನ ಪಕ್ಕಕ್ಕೆ ಒಂದು ಇಳಿಜಾರು ಹಲಗೆಯಿತ್ತು, ಕಾಲು ಜಾರದಂತೆ ಅಡ್ಡಪಟ್ಟಿ ಬಡಿದದ್ದು. ದಡದ ತುಂಬ ಬಂಡೆಗಲ್ಲು. ಸೊಂಟ ಸೋತ ನಾಯಿ ಅಲ್ಲಿಂದ ಇಳಿಯುವಂತಿಲ್ಲ. ಆದ್ದರಿಂದ ಆರ್ವಿಡ್ ತನ್ನ ಕೊನೆಯ ಬೇಸಿಗೆಯಲ್ಲಿ ಲೆಫ್ಸೆಗಾಗಿಯೇ ಅದನ್ನು ಮಾಡಿದ್ದ. ಚಳಿಗಾಲದಲ್ಲಿ ಹಾಸಿಗೆ ಹಿಡಿದಾಗ ಬೇರೆ ಯಾವ ಆಸೆಯನ್ನೂ ಹೇಳಲಿಲ್ಲ. “ಬೇಸಿಗೇಲಿ ಅವಳನ್ನ ಒಂದ್ಸಲ ನೀರಿಗೆ ಬಿಡು ರಾಗ್ನಾ. ಅಲ್ಲಿಂದ್ಲೇ,” ಎಂದಿದ್ದ. ಅವಳು ಆಗಲಿ ಎಂದಿದ್ದಳು. ಈ ವಾರ ಅವಳು ಬಂದದ್ದು ಅದೊಂದಕ್ಕಾಗಿ.

ಈಗ ಆ ಇಳಿಜಾರು ಹಲಗೆಯ ಮೇಲೆ ಪ್ರೆಂಟಿಸ್ ಹೂಕುಂಡಗಳನ್ನು ಸಾಲಾಗಿ ಜೋಡಿಸಿದ್ದ.

ನಾಲ್ಕನೆಯ ಕಾಟೇಜಿನಲ್ಲಿ ಪ್ರತಿ ವರ್ಷದಂತೆ ವರ್ನ್ ಇದ್ದ. ಒಂದು ಗಂಟೆಯ ದಾರಿಯಲ್ಲಿ ಜಮೀನಿದ್ದ ರೈತ. ಸೋಮವಾರ ಅವನು ರೂಬಾರ್ಬ್ ಎಂಬ ಹುಳಿದಂಟಿನ ಕೇಕು ಹಿಡಿದು ಒಂಬತ್ತನೆಯದರ ಬಾಗಿಲಿಗೆ ಬಂದ.

“ಒಂದು ತುಂಡು ತಗೋ ರಾಗ್ನಾ.”

“ಅಯ್ಯೋ, ಬೇಡಪ್ಪ.”

“ತಗೊಳೇ, ಇಷ್ಟೊಂದಿದೆ.”

“ನಿಂಗ್ಯಾಕೆ ಸುಮ್ನೆ ತೊಂದ್ರೆ.”

“ತಗೋತೀಯೋ, ಇಲ್ಲಾ ನೊಣಕ್ಕೆ ಹಾಕ್ಲೋ?”

“ಇಷ್ಟು ಬಲವಂತ ಮಾಡ್ತಿದೀಯ ಅಂದ್ಮೇಲೆ...” ಎಂದು ತಟ್ಟೆ ಚಾಚಿದಳು.

ಆ ಸೀಮೆಯ ಕಟ್ಟಳೆ ಅದು. ಮೊದಲ ಸಲ ಬೇಡವೆನ್ನಬೇಕು. ಎರಡನೆಯ ಸಲ ನಿಮಗೇಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೊಟ್ಟರೆ ಮಾತ್ರ ಅದು ಕೊಟ್ಟಂತೆ, ತೆಗೆದುಕೊಳ್ಳಲೇಬೇಕು. ಆಮೇಲೆ ಕೊಟ್ಟವನು ಹಿಂದೆಗೆದರೆ ಅವನ ಮುಖವನ್ನು ಚರ್ಚಿನಲ್ಲೂ ಯಾರೂ ನೋಡುವುದಿಲ್ಲ. ಕೇಕಿನ ತುಂಡಿಗೂ ಇದೇ ಮಾತು, ಎರವಲು ಟ್ರ್ಯಾಕ್ಟರಿಗೂ ಇದೇ ಮಾತು.

“ಏನಂತಾನೆ ನಿಮ್ಮ ಹೊಸ ಧಣಿ?” ವರ್ನ್ ಮೂಗು ಮುಚ್ಚಿಕೊಂಡೇ ಕೇಳಿದ.

“ಪರವಾಗಿಲ್ಲ, ಒಳ್ಳೆಯವನೇ.”

“ಅಯ್ಯೋ ದೇವ್ರೇ,” ಅಂದ ವರ್ನ್. “ಅಷ್ಟು ಕೆಟ್ಟವನಾ?”

ಬುಧವಾರ ಆಗಬಾರದ್ದು ಆಗಿಹೋಯಿತು. ಟೆಸ್ಸಳಿಗೆ ಒಂಬತ್ತು ವರ್ಷ. ತಾತ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ ಲೆಫ್ಸೆಯ ಸರಪಳಿ ಬಿಚ್ಚಿ, ಡಾಕಿನತನಕ ನಡೆಸಿಕೊಂಡು ಬಂದು, ಹೂಕುಂಡಗಳನ್ನು ಒಂದೊಂದಾಗಿ ಸರಿಸತೊಡಗಿದಳು. ನೀರಿನ ವಾಸನೆಗೆ ನಾಯಿಯ ಬಾಲ ಗಾಳಿಪಟದಂತೆ ಆಡುತ್ತಿತ್ತು. ಪ್ರೆಂಟಿಸ್ ಸೀಟಿ ಊದುತ್ತ ಓಡಿಬಂದ. ಕೊರಳಪಟ್ಟಿ ಹಿಡಿದು ಒಂದೇ ಎಳೆತಕ್ಕೆ ನಾಯಿಯನ್ನು ಡಾಕಿನಿಂದ ಬಂಡೆಗಳ ಮೇಲೆ ಎಳೆದುಹಾಕಿದ. ಲೆಫ್ಸೆಯ ಹಿಂಗಾಲು ಮಡಿಚಿಹೋಯಿತು. ಅದು ಬೊಗಳಲಿಲ್ಲ. ತಾನೇ ತಪ್ಪು ಮಾಡಿದವರಂತೆ ಅವನ ಕೈಯನ್ನು ನೆಕ್ಕಿತು.

ರಾಗ್ನಾ ಇದನ್ನು ಮೀನಿನ ಗುಡಿಸಲ ಪಕ್ಕದಿಂದ ಕಂಡಳು. ಬಂದು ನಾಯಿಯ ಹೊಟ್ಟೆಯ ಕೆಳಗೆ ಟವೆಲ್ಲು ಹಾಕಿ ಎತ್ತಿ ನಿಲ್ಲಿಸಿದಳು. ಅಳುತ್ತಿದ್ದ ಮೊಮ್ಮಗಳ ಮೂಗೊರೆಸಿದಳು.

“ನಿಯಮ ಅಂದ್ರೆ ನಿಯಮ ಮೇಡಂ,” ಅಂದ ಪ್ರೆಂಟಿಸ್.

“ಪರವಾಗಿಲ್ಲ,” ಅಂದಳು ಅವಳು.

ಅವಳು ಹುಟ್ಟಿದ ಮನೆಯಲ್ಲಿ ಊಟವಾದ ಮೇಲೆ ತಂದೆ ಕಣ್ಣು ಮುಚ್ಚಿ ದೇವರ ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದ. ಮಕ್ಕಳು ತಟ್ಟೆ ನೋಡುತ್ತ ಕೇಳಬೇಕು. ಕೇಳಿ ಕೇಳಿ ಅವು ಅವಳ ಉಸಿರಿನಲ್ಲೇ ಕೂತಿದ್ದವು. ಹಸಿರು ಹುಲ್ಲು, ಶಾಂತವಾದ ನೀರು, ಎಲ್ಲವನ್ನೂ ಕ್ಷಮಿಸುವ ದೊಡ್ಡ ಮನಸ್ಸು ಅಂಥ ಪದ್ಯಗಳು ಬಹಳ. ಆದರೆ ಬೇರೆ ಜಾತಿಯವೂ ಇದ್ದವು. ಹಗೆಯವನು ತೋಡಿದ ಗುಂಡಿಯಲ್ಲಿ ಅವನೇ ಬೀಳಲಿ ಎಂದು ದೇವರನ್ನು ಕೇಳುವವು. ತಂದೆ ಅವನ್ನು ಹೇಳುವಾಗ ದನಿ ಎತ್ತರಿಸುತ್ತಿರಲಿಲ್ಲ, ಇನ್ನೂ ತಗ್ಗಿಸುತ್ತಿದ್ದ. ಆ ವಾರ ಹಳ್ಳಬಿದ್ದ ಹಾಸಿಗೆಯಲ್ಲಿ ರಾಗ್ನಾಳ ತುಟಿಗೆ ಬಂದವು ಆ ಜಾತಿಯ ಪದ್ಯಗಳೇ.

ಆದರೂ ಒಂದು ಸಲ ಕೇಳಿ ನೋಡೋಣ ಎಂದುಕೊಂಡಳು. ಕೇಳದೆ ಹಗೆ ಸಾಧಿಸಿದರೆ ನಾಳೆ ಮೇಲೆ ಹೋದಾಗ ಆರ್ವಿಡನಿಗೆ ಏನು ಉತ್ತರ ಹೇಳುವುದು?

ಶುಕ್ರವಾರ ಸಂಜೆ ಮರಗಳ ಕೆಳಗೆ ಉದ್ದ ಮೇಜು ಹಾಕಿ ಎಲ್ಲ ಕಾಟೇಜಿನವರಿಗೂ ಮೀನು ಕರಿಯುವ ಪದ್ಧತಿ. ಪ್ರೆಂಟಿಸ್ ಏಪ್ರನ್ ಕಟ್ಟಿಕೊಂಡು ಬಡಿಸುತ್ತಿದ್ದ. ರಾಗ್ನಾ ಎದ್ದು ನಿಂತಳು. ತನಗಾಗಿ ಏನನ್ನಾದರೂ ಬಾಯಿಬಿಟ್ಟು ಕೇಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ವರ್ಷ ವರ್ಷ ಬರುವ ಹಳಬರೆಲ್ಲ ಫೋರ್ಕು ಕೆಳಗಿಟ್ಟರು.

“ನಾಳೆ ನಾವು ಹೊರಡ್ತೀವಿ ಪ್ರೆಂಟಿಸ್ ಅವರೇ. ಬೆಳಗ್ಗೆ ಯಾರೂ ಏಳೋಕೆ ಮುಂಚೆ, ಒಂದೇ ಒಂದ್ಸಲ, ನಮ್ಮ ನಾಯಿನ ಆ ಇಳಿಜಾರು ಹಲಗೆಯಿಂದ ನೀರಿಗೆ ಬಿಡಬಹುದಾ? ನಮ್ಮೆಜಮಾನ್ರು ಅವಳಿಗೋಸ್ಕರಾನೇ ಮಾಡಿದ್ದು ಅದು.”

ಪ್ರೆಂಟಿಸ್ ಆರನೆಯ ಕಾಟೇಜಿನ ಹೊಸ ಅತಿಥಿಗಳ ಕಡೆ ತಿರುಗಿ ಕಣ್ಣು ಮಿಟುಕಿಸಿದ.

“ಕೇಳಿದ್ರಾ? ನಾಯಿಗೆ ಅಂತ ಹಲಗೆಯಂತೆ! ಮೇಡಂ, ಅದರ ಮೇಲೆ ಅಷ್ಟು ಪ್ರೀತಿ ಇದ್ರೆ ಕಿತ್ಕೊಂಡು ಮನೆಗೆ ತಗೊಂಡ್ಹೋಗಿ!”

ಹೊಸ ಅತಿಥಿಗಳು ನಕ್ಕರು. ಹಳಬರು ನಗಲಿಲ್ಲ.

“ಅಯ್ಯೋ, ಬೇಡ ಬೇಡ,” ಅಂದಳು ರಾಗ್ನಾ.

“ಸಂಕೋಚ ಯಾಕೆ? ಹಲಗೆ ಒಂದೇ ಯಾಕೆ, ಇಡೀ ಡಾಕನ್ನೇ ತಗೊಂಡ್ಹೋಗಿ!”

ವರ್ನ್ ಗಂಟಲಿಗೆ ಮೀನಿನ ಮುಳ್ಳು ಸಿಕ್ಕವನಂತೆ ಕೆಮ್ಮಿದ. ಲೈಲ್ ತಾಯಿಯನ್ನೇ ನೋಡುತ್ತಿದ್ದ.

“ನಿಮಗ್ಯಾಕೆ ಸುಮ್ನೆ ತೊಂದ್ರೆ,” ಅಂದಳು ಅವಳು, ಇನ್ನೂ ಮೆತ್ತಗೆ.

“ನಂಗೇನು ತೊಂದ್ರೆ? ನಾನೇ ಬಾಯ್ಬಿಟ್ಟು ಹೇಳ್ತಿದೀನಲ್ಲ, ಎಲ್ಲರ ಮುಂದೆ! ತಗೊಂಡ್ಹೋಗಿ!”

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು.

“ಇಷ್ಟು ಬಲವಂತ ಮಾಡ್ತಿದೀರಿ ಅಂದ್ಮೇಲೆ,” ಅಂದಳು ರಾಗ್ನಾ, “ಆಗ್ಲಿ. ತುಂಬಾ ಉಪಕಾರ ಆಯ್ತು.”

ಕೂತು, ಆ ವಾರದಲ್ಲಿ ಮೊದಲ ಬಾರಿಗೆ ಹಸಿವಾಗಿ, ಇನ್ನೆರಡು ತುಂಡು ಮೀನು ಹಾಕಿಸಿಕೊಂಡಳು.

ಬೆಳಗ್ಗೆ ನೀರಿನ ಮೇಲೆ ಮಂಜು ಇರುವಾಗಲೇ ವರ್ನ್ ಹುಲ್ಲು ಹೇರುವ ಟ್ರೇಲರ್ ತಂದು ನಿಲ್ಲಿಸಿದ್ದ. ಲೈಲ್ ಎದೆಮಟ್ಟದ ರಬ್ಬರು ಉಡುಪು ತೊಟ್ಟಿದ್ದ. ಯಾರೂ ಕರೆಯದೆ ಹಳಬರೆಲ್ಲ ಸ್ಪ್ಯಾನರು ಹಿಡಿದು ಬಂದರು, ‘ಕಾಫಿ ಇದೆಯಾ?’ ಎಂದದ್ದು ಬಿಟ್ಟರೆ ಯಾರೂ ಏನೂ ಕೇಳಲಿಲ್ಲ. ಮೊದಲು ಡಾಕಿಗೆ ಕಟ್ಟಿದ್ದ ದೋಣಿಗಳನ್ನು ಒಂದು ಗೀರೂ ಬೀಳದಂತೆ ದಡಕ್ಕೆ ತಂದು ಮರಕ್ಕೆ ಕಟ್ಟಿದರು. ರಾಗ್ನಾ ಹೂಕುಂಡಗಳನ್ನು ಹುಲ್ಲಿನ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ನೀರು ಹಾಕಿದಳು. ಹಗೆಯನ್ನು ಅಚ್ಚುಕಟ್ಟಾಗಿ ಸಾಧಿಸಬೇಕು ಎಂಬುದು ಅವಳ ಮತ.

ಆಮೇಲೆ ಟೆಸ್ಸ ಲೆಫ್ಸೆಯನ್ನು ಕರೆತಂದಳು. ನಾಯಿ ಇಳಿಜಾರಿನ ತಲೆಯಲ್ಲಿ ನಿಂತು ಒಮ್ಮೆ ಹಿಂದಕ್ಕೆ ನೋಡಿತು, ಯಾರೋ ಇನ್ನೊಬ್ಬರು ಬರಬೇಕಿತ್ತಲ್ಲ ಎಂಬಂತೆ. ರಾಗ್ನಾ ಅದರ ಬೆನ್ನು ತಟ್ಟಿದಳು.

“ಹೋಗೇ,” ಅಂದಳು. “ಅವರೇ ಕಳ್ಸಿದಾರೆ.”

ಒಂದೊಂದೇ ಅಡ್ಡಪಟ್ಟಿಗೆ ಕಾಲುಗುರು ಊರಿ ಇಳಿಯಿತು. ನೀರು ಮೈಯನ್ನು ಎತ್ತಿಕೊಂಡದ್ದೇ ತಡ, ಸೊಂಟದ ನೋವನ್ನು ದಡದಲ್ಲಿ ಬಿಟ್ಟುಬಂದ ಮರಿಯಂತೆ ಮಂಜಿನೊಳಕ್ಕೆ ಈಜಿತು. ದೊಡ್ಡ ಸುತ್ತು. ಮತ್ತೊಂದು ಸುತ್ತು. ದಡದಲ್ಲಿ ನಿಂತ ಗಂಡಸರು ಟೋಪಿ ತೆಗೆದಿದ್ದರು. ಅದು ತಾನಾಗಿ ಹತ್ತಿ ಬರುವ ತನಕ ಯಾರೂ ಒಂದು ಬೋಲ್ಟೂ ಮುಟ್ಟಲಿಲ್ಲ.

ಮುಟ್ಟಿದ ಮೇಲೆ ಕೆಲಸ ಬೇಗ ಸಾಗಿತು. ಆಳದ ಕಡೆಯಿಂದ ಒಂದೊಂದು ಅಟ್ಟ ಬಿಚ್ಚಿ, ಹೆಗಲ ಮೇಲೆ ಟ್ರೇಲರಿಗೆ. ಸದ್ದಿಗೆ ಎಚ್ಚೆತ್ತ ಪ್ರೆಂಟಿಸ್ ಸ್ನಾನದ ನಿಲುವಂಗಿಯಲ್ಲೇ ಓಡಿಬಂದಾಗ ದಡದ ಬಳಿಯ ಅಟ್ಟ, ಇಳಿಜಾರು ಹಲಗೆ ಮಾತ್ರ ಉಳಿದಿದ್ದವು.

“ಏನಿದು! ನನ್ನ ಡಾಕ್! ಕಳ್ಳತನ! ಶೆರಿಫನ್ನ ಕರೀತೀನಿ!”

“ಕರೀರಿ,” ಅಂದ ವರ್ನ್. “ಅವನು ಈಜು ಕಲ್ತಿದ್ದು ಇದೇ ಡಾಕಿನ ಮೇಲೆ, ಆರ್ವಿಡ್ ಹತ್ರ. ಕಾಫಿನೂ ಕುಡ್ಕೊಂಡು ಹೋಗ್ಲಿ.”

“ತಮಾಷೆಗೆ ಹೇಳಿದ್ದು ರೀ ಅದು!”

“ಒಂದ್ಸಲ ಅಂದ್ರೆ ತಮಾಷೆ,” ಅಂದ ಲೈಲ್ ನೀರಿನಿಂದ. “ಮೂರ್ಸಲ ಕೊಟ್ರಿ. ಇಷ್ಟು ಜನ ಕೇಳಿದಾರೆ. ಕಟ್ಟಿದವರೂ ನಾವೇ, ವರ್ಷಾ ವರ್ಷಾ ಜೋಡಿಸ್ತಿದ್ದೋರೂ ನಾವೇ. ಈ ವಸಂತದಲ್ಲಿ ಕೈಬೀಸಿದ್ರಲ್ಲ, ಅದು ನನಗೇ.”

ಪ್ರೆಂಟಿಸ್ ಖಾಲಿಯಾದ ನೀರಿನ ಕಡೆ ತಿರುಗಿದ. ಮಧ್ಯಾಹ್ನಕ್ಕೆ ಹೊಸ ವಾರದ ಜನ ಬರುವವರು. ಅವರೆಲ್ಲ ಜಾಹೀರಾತಿನಲ್ಲಿ ನೋಡಿದ್ದು ಈ ಡಾಕನ್ನೇ. ಸೂರ್ಯ ಮುಳುಗುವಾಗ ತೆಗೆದ ಚಿತ್ರ. ಈಗ ಅಲ್ಲಿ ಬಂಡೆಗಲ್ಲು, ಪಾಚಿ.

“ಮೇಡಂ,” ಅಂದ, ದನಿ ಇಳಿಸಿ. “ಮುಂದಿನ ವರ್ಷ ಆರನೇ ಕಾಟೇಜು ನಿಮಗೇ. ನಾಯಿನೂ ನೀರಿಗೆ ಬಿಡಿ, ಯಾವಾಗ ಬೇಕಾದ್ರೂ. ಡಾಕ್ ಮಾತ್ರ ಬಿಟ್ಹೋಗಿ.”

ಕೆಲಸದ ಕೈಗಳೆಲ್ಲ ನಿಂತವು.

“ಬೇಡ, ಪರವಾಗಿಲ್ಲ,” ಅಂದಳು ರಾಗ್ನಾ.

“ನಿಜವಾಗ್ಲೂ ಹೇಳ್ತಿದೀನಿ. ಆರನೇದು ಪ್ರತಿ ವರ್ಷ ನಿಮ್ದೇ.”

“ನಿಮಗ್ಯಾಕೆ ಸುಮ್ನೆ ತೊಂದ್ರೆ.”

ಇನ್ನೊಂದು ಸಲ, ಒಂದೇ ಒಂದು ಸಲ ಅವನು ಕೇಳಿದರೆ ಅವಳು ಒಪ್ಪಲೇಬೇಕು. ಕಟ್ಟಳೆ ಅವಳಿಗೂ ಕಟ್ಟಳೆಯೇ. ರಾಗ್ನಾ ಕಣ್ಣು ಮುಚ್ಚಿದಳು. ತಂದೆಯಂತೆ ದನಿ ತಗ್ಗಿಸಿ, ತುಟಿ ಮಾತ್ರ ಆಡಿಸಿ ಬೇಡಿಕೊಂಡಳು: ದೇವರೇ, ಇವನು ಮೂರನೆಯ ಸಲ ಕೇಳದಿರಲಿ. ಬಂಡೆಯ ಮೇಲೆ ಬಿದ್ದ ನಾಯಿ ಕೈ ನೆಕ್ಕಿದ್ದನ್ನು ನೀನೂ ನೋಡಿದ್ದೀಯಲ್ಲ. ಇವನ ಬಾಯನ್ನು ಈಗ ಮುಚ್ಚು.

ಪ್ರೆಂಟಿಸನೋ, ಬೇಡವೆಂದರೆ ಬೇಡವೆಂದೇ ಅರ್ಥ ಮಾಡಿಕೊಳ್ಳುವ ಸೀಮೆಯವನು. ಕೈ ಚೆಲ್ಲಿ, “ಹಾಳಾಗ್ಹೋಗಿ!” ಎಂದ.

ರಾಗ್ನಾ ಕಣ್ಣು ತೆರೆದಳು. ಮುಖದಲ್ಲಿ ಪ್ರಾರ್ಥನೆ ಮುಗಿಸಿ ಬಂದವರ ಬೆಳಕಿತ್ತು.

“ಆ ಹಲಗೆ ಕೊನೇಲಿ ಹಾಕು ಲೈಲ್,” ಅಂದಳು. “ಮೇಲುಗಡೆ ಇರ್ಲಿ. ಮನೇಲಿ ಬಾಗ್ಲ ಮುಂದೆ ಹಾಕೋಣ, ಅವಳು ಅದ್ರ ಮೇಲೆ ಬಿಸಿಲು ಕಾಯಿಸ್ಕೊಳ್ಲಿ.”

ಅಷ್ಟರಲ್ಲಿ ಲೆಫ್ಸೆ ಕುಂಟುತ್ತ ಬಂದು, ಪ್ರೆಂಟಿಸನ ಪಕ್ಕದಲ್ಲೇ ನಿಂತು, ಮೂಗಿನಿಂದ ಬಾಲದ ತುದಿಯವರೆಗೆ ಒಮ್ಮೆ ಮೈ ಕೊಡವಿತು. ಕೆರೆಯ ನೀರು, ಪಾಚಿ, ಕೂದಲು ಎಲ್ಲ ಅವನ ಬಿಳಿಯ ನಿಲುವಂಗಿಯ ಮೇಲೆ.

ರಾಗ್ನಾ ತೋಳಿನಲ್ಲಿದ್ದ ಟವೆಲ್ಲನ್ನು ಅವನ ಮುಂದೆ ಹಿಡಿದಳು.

“ತಗೊಳ್ಳಿ, ಒರೆಸ್ಕೊಳ್ಳಿ.”

“ಬೇಡ!” ಎಂದು ಅವನು ಹಲ್ಲು ಕಡಿದ.

ಅವಳು ಎರಡನೆಯ ಸಲ ಕೇಳಲಿಲ್ಲ. ಟವೆಲ್ಲನ್ನು ನಾಯಿಯ ಹೊಟ್ಟೆಯ ಕೆಳಗೆ ಹಾಕಿ, ಅದನ್ನು ಮೆಲ್ಲಗೆ ಎತ್ತಿ ಕಾರಿನ ಕಡೆ ನಡೆದಳು.