ಚಿಕ್ಕಬಸಮ್ಮನ ನಡಿಗೆಗೊಂದು ಗೇರ್

ಕೊಳ್ಳೇಗಾಲದ ಹನೂರು ರಸ್ತೆಯಲ್ಲಿರುವ ನಿಂಗರಾಜುವಿನ ಗ್ಯಾರೇಜು ಸುತ್ತಲ ಪಡ್ಡೆ ಹುಡುಗರಿಗೆಲ್ಲ ಚೆನ್ನಾಗಿ ಗೊತ್ತು. ಕಾರು ತಂದು ನಿಲ್ಲಿಸಿ "ಪಿಕಪ್ ಸಾಲ್ದು ಕಣಣ್ಣ" ಅಂದರೆ ಸಾಕು, ಎಂಜಿನ್ ಬಿಚ್ಚಿ, ಗೇರ್‌ಬಾಕ್ಸ್ ಬಿಚ್ಚಿ, ಏನೇನೋ ಬದಲಿಸಿ, ಬಾಲಕ್ಕೆ ಪಟಾಕಿ ಕಟ್ಟಿದ ಹಾಗೆ ಓಡುವಂತೆ ಮಾಡಿ ಕಳಿಸುತ್ತಿದ್ದ. ಅಂಥವನ ಮುಂದೆ ಒಂದು ಬೆಳಿಗ್ಗೆ ಮುಳ್ಳೂರಿನ ದೊಡ್ಡಮಾದಯ್ಯ ತನ್ನ ಹಳೇ ಡೀಸೆಲ್ ಅಂಬಾಸಿಡರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಸುಟ್ಟ ಕ್ಲಚ್ಚಿನ ನಾತ ಗ್ಯಾರೇಜಿನ ತುಂಬ ಹರಡಿತು.

"ಏನ್ ಮಾವ ಇದು? ಮೂವತ್ತು ವರ್ಸ ಟ್ಯಾಕ್ಸಿ ಓಡಿಸ್ದೋರು ನೀವು. ನೀವೂ ಕ್ಲಚ್ ಸುಟ್ಕಳದಾ?"

"ನಿಧಾನಕ್ಕೆ ಓಡಿಸ್ದೆ ಕಣ್ಲಾ ನಿಂಗ, ಅದ್ಕೇ ಸುಟ್ಟೋಯ್ತು. ಇದ್ನ ಇನ್ನೂ ನಿಧಾನ ಮಾಡ್ಕೊಡು."

ನಿಂಗರಾಜು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಹದಿನೈದು ವರ್ಷದ ಕಸುಬಿನಲ್ಲಿ ಈ ಮಾತು ಅವನು ಕೇಳಿದ್ದು ಇದೇ ಮೊದಲು.

ವಿಷಯ ಇಷ್ಟು. ಮಗಳು ದೀಪ ಚಿಕ್ಕವಳಿದ್ದಾಗ ಕಾಯಿಲೆ ಬಿದ್ದು, ಉಳಿಯುತ್ತಾಳೋ ಇಲ್ಲವೋ ಅನ್ನುವ ಹಾಗಾಗಿತ್ತು. ಆಗ ದೊಡ್ಡಮಾದಯ್ಯನ ಹೆಂಡತಿ ಚಿಕ್ಕಬಸಮ್ಮ, ಗಂಡನೂ ತಾನೂ ಜೊತೆಯಾಗಿ ಇಪ್ಪತ್ತು ವರ್ಷ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಬರುತ್ತೇವೆ ಅಂತ ಹರಕೆ ಹೊತ್ತಳು. ಮಗಳು ಎದ್ದಳು, ಬೆಳೆದಳು, ಯಳಂದೂರಿಗೆ ಮದುವೆಯಾಗಿ ಹೋದಳು. ಹತ್ತೊಂಬತ್ತು ವರ್ಷ ಗಂಡ ಹೆಂಡತಿ ಒಂದೂ ತಪ್ಪಿಸದೆ ನಡೆದರು. ಇಪ್ಪತ್ತನೇ ವರ್ಷಕ್ಕೆ ಸರಿಯಾಗಿ ದೊಡ್ಡಮಾದಯ್ಯನ ಎಡಮಂಡಿ ಕೈಕೊಟ್ಟಿತು. ಬೆಟ್ಟ ಹತ್ತುವ ಮಾತೇ ಆಡಬೇಡ ಅಂದುಬಿಟ್ಟರು ಡಾಕ್ಟರು.

"ಅಪ್ಪ ಕಾರಲ್ಲಿ ಮುಂದೆ ಓಗಿ ಕಾಯ್ತಾ ಇರ್ಲಿ ಬುಡವ್ವ" ಅಂದಳು ದೀಪ.

"ಜೊತೇಲಿ ಬತ್ತೀವಿ ಅಂದಿವ್ನಿ ನಾನು. ಇವ್ರು ಮುಂದೆ ಓಗಿ ಕೂತ್ಕಂಡ್ರೆ ಅದ್ಯಾವ ಜೊತೆ? ಆಗಕಿಲ್ಲ ಅಂದ್ರೆ ನಾನೂ ಓಗಕಿಲ್ಲ. ಮಾದಪ್ಪನಿಗೆ ಗೊತ್ತಾಯ್ತದೆ" ಅಂದು ಚಿಕ್ಕಬಸಮ್ಮ ತನ್ನ ಪಾಡಿಗೆ ತಾನು ಸೊಪ್ಪು ಬಿಡಿಸಲು ಕೂತಳು. ಆದರೆ ನಡಿಗೆಗೆಂದು ತೆಗೆದಿಟ್ಟಿದ್ದ ಬಟ್ಟೆಚೀಲವನ್ನು ಅವಳು ಮತ್ತೆ ಅಟ್ಟಕ್ಕೆ ಎಸೆದದ್ದನ್ನು ದೊಡ್ಡಮಾದಯ್ಯ ನೋಡಿದ. ಹತ್ತೊಂಬತ್ತು ಮುಗಿಸಿ ಒಂದಕ್ಕೆ ನಿಲ್ಲುವುದೆಂದರೇನು, ಅದೂ ತನ್ನ ಒಂದು ಮಂಡಿಯ ದೆಸೆಯಿಂದ!

ಅದಕ್ಕೇ ಅವನು ಕಾರನ್ನು ಅವಳ ಪಕ್ಕದಲ್ಲೇ ನಡೆಸಿ ನೋಡೋಣ ಅಂತ ನಾಲೆ ಏರಿಯ ಮೇಲೆ ಹೊರಟಿದ್ದ. ಕಾರು ಮೊದಲನೇ ಗೇರಿನಲ್ಲೂ ಅವಳಿಗಿಂತ ಮುಂದೆ ಓಡುತ್ತಿತ್ತು. ಅರ್ಧ ಕ್ಲಚ್ ಒತ್ತಿ, ಬಿಟ್ಟು, ಒತ್ತಿ, ಇತ್ತ ನೋಯುವ ಮಂಡಿಯೂ ಹೋಯಿತು, ಅತ್ತ ಕ್ಲಚ್ಚೂ ಹೋಯಿತು.

ಕೇಳಿ ಮುಗಿಸಿದ ನಿಂಗರಾಜು ತಲೆ ಕೆರೆದುಕೊಂಡ. "ಅಲ್ಲ ಮಾವ, ನನ್ ತಾವ ಎಲ್ರೂ ಹಾರ್ಸಕ್ಕೆ ಬತ್ತಾರೆ. ನೀವು ತೆವಳ್ಸಕ್ಕೆ ಬಂದ್ರಲ್ಲ!" ಅಂದವನು ಕಾರಿನ ಕೆಳಗೆ ನುಗ್ಗಿ, ಸುಮಾರು ಹೊತ್ತಾದ ಮೇಲೆ ಹೊರಗೆ ಬಂದ. ಬರುವಾಗ ಅವನ ಮುಖ ಅರಳಿತ್ತು.

ಉಪಾಯ ಸಿಕ್ಕಿತ್ತು ಅವನಿಗೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದ ಶಾಫ್ಟನ್ನು ಕತ್ತರಿಸಿ, ನಡುವೆ ಹಳೇ ಜೀಪಿನ ಎರಡನೇ ಗೇರ್‌ಬಾಕ್ಸ್ ಕೂರಿಸುವುದು. ಅದರ ಚಿಕ್ಕ ಲಿವರ್ ಎಳೆದರೆ ಎಲ್ಲ ಗೇರಿನ ವೇಗವೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಎಳೆಯುವ ತಾಕತ್ತು ಎರಡರಷ್ಟಾಗುತ್ತದೆ. ಕ್ಲಚ್ ಒತ್ತಿ ಹಿಡಿಯುವ ಗೋಜೇ ಇಲ್ಲ. ಯಳಂದೂರಿನ ರಂಗನಾಥನ ಗುಜರಿ ಅಂಗಡಿಯಲ್ಲಿ ಅಂಥದ್ದೊಂದು ಬಾಕ್ಸ್ ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ತಂದು, ಉಜ್ಜಿ, ಬೇರಿಂಗ್ ಬದಲಿಸಿದ. ಆಕ್ಸಿಲರೇಟರ್ ಒತ್ತದಿದ್ದರೂ ಎಂಜಿನ್ ಆಫ್ ಆಗದ ಹಾಗೆ ಡೀಸೆಲ್ ಪಂಪ್ ತಿದ್ದಿದ. ತೆವಳುವ ಗಾಡಿಗೆ ಗಾಳಿ ಬಡಿಯುವುದಿಲ್ಲವಲ್ಲ, ರೇಡಿಯೇಟರಿಗೊಂದು ಕರೆಂಟಿನ ಫ್ಯಾನೂ ಕಟ್ಟಿದ.

"ಇನ್ನು ಅತ್ತೆ ಎಷ್ಟು ಜೋರಾಗಿ ನಡೀತಾರೆ ಅಂತ ಅಳೀಬೇಕು. ಒಂದ್ಸಲ ಕರ್ಕಂಡ್ ಬನ್ನಿ ಮಾವ."

"ಅಳ್ಯೋದೇನ್ಲಾ? ಅತ್ತೊಂಬತ್ತು ವರ್ಸ ಅವಳ್ ಜೊತೆ ನಡ್ದಿವ್ನಿ, ನಂಗೊತ್ತಿಲ್ವಾ? ಬಸವನಹುಳ ಕಣ್ಲಾ ಅವ್ಳು. ನಾಕೆಜ್ಜೆಗೊಂದ್ಸಲ ತಿರುಗಿ 'ಬಾ ಬೇಗ' ಅನ್ಬೇಕು. ಬೆಟ್ಟ ಅತ್ತುವಾಗಂತೂ ಕಾಲಿಗೆ ಮುಳ್ಳು ಚುಚ್ತು ಅಂತ ಕಂಡ್ ಕಂಡಲ್ಲಿ ಕೂರ್ತಾಳೆ. ನೋಡು, ಇಂಗೆ ನಡೀತಾಳೆ" ಅಂದವನೇ ದೊಡ್ಡಮಾದಯ್ಯ ಎದ್ದು ಪಂಚೆ ಎತ್ತಿ ಕಟ್ಟಿ ಗೇಟಿನಿಂದ ಬೇವಿನ ಮರದವರೆಗೆ ನಡೆದು ತೋರಿಸಿದ. ಒಂದಲ್ಲ, ಮೂರು ಸಲ.

ನಿಂಗರಾಜು ಮೊಬೈಲಿನಲ್ಲಿ ಹೊತ್ತು ಹಿಡಿದ. ಮುದುಕನ ಎಡಗಾಲು ನೆಲ ಸವರಿಕೊಂಡು ಬರುತ್ತಿದ್ದುದನ್ನು ನೋಡಿದ, ಮತ್ತೆ ಮೊಬೈಲು ನೋಡಿದ. "ಗಂಟೆಗೆ ಎರಡೂವರೆ ಕಿಲೋಮೀಟ್ರು. ಮೊದಲ್ನೇ ಗೇರು ಇದಕ್ಕೇ ಕೂರಿಸ್ತೀನಿ. ಎರಡ್ನೇದು ಇದರ ಒಂದೂವರೆ ಪಟ್ಟಿಗೂ ಮೇಲೆ ಓಯ್ತದೆ. ಅದೂ ಅದೆ, ಮರೀಬೇಡಿ ಮಾವ."

"ಎರಡ್ನೇದು ಯಾಕ್ಲಾ? ಅವ್ಳೇನು ಓಟದ ಪಂದ್ಯಕ್ಕೆ ಓಯ್ತಾಳಾ?"

ಅಂತೂ ಅಟ್ಟದ ಮೇಲಿನ ಚೀಲ ಕೆಳಗಿಳಿಯಿತು. ಶಿವರಾತ್ರಿಯ ಜನಜಂಗುಳಿ ಶುರುವಾಗುವ ಮೊದಲೇ ಒಂದು ಬೆಳಗಿನ ಜಾವ ಇಬ್ಬರೂ ಹೊರಟರು. ಬಲಕ್ಕೆ ಕಾರು, ಎಡಕ್ಕೆ ಬರಿಗಾಲಿನಲ್ಲಿ ಚಿಕ್ಕಬಸಮ್ಮ. ಕಾರು ಗುಟುರು ಹಾಕುತ್ತಾ, ಹೆಜ್ಜೆಗೆ ಹೆಜ್ಜೆ ಸೇರಿಸಿ ಬರುತ್ತಿತ್ತು. ಅವಳು ಒಂದು ಕೈಯನ್ನು ಕಿಟಕಿಯ ಮೇಲಿಟ್ಟುಕೊಂಡೇ ನಡೆದಳು. ದೊಡ್ಡಮಾದಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮದುವೆಯಾದ ಹೊಸದರಲ್ಲೂ ಅವರು ಇಷ್ಟು ಮಾತಾಡಿರಲಿಲ್ಲ. ದೀಪಳ ಅತ್ತೆಯ ಸೊಕ್ಕಿನಿಂದ ಹಿಡಿದು ಎಮ್ಮೆಯ ಹಾಲಿನವರೆಗೆ ಎಲ್ಲ ಬಂದುಹೋಯಿತು. ಹನೂರಿನಲ್ಲಿ ನಾಲ್ಕು ಜನ ಹುಡುಗರು ಟೀ ಲೋಟ ಕೆಳಗಿಟ್ಟು ಓಡಿಬಂದು, ಗಾಡಿ ಕೆಟ್ಟಿದೆ ಅಂತ ಹಿಂದಿನಿಂದ ತಳ್ಳಲು ನಿಂತರು.

"ಬುಡ್ರಪ್ಪಾ, ಕೆಟ್ಟಿಲ್ಲ! ಇದು ನಡ್ಯೋದೇ ಇಂಗೆ" ಅಂತ ಚಿಕ್ಕಬಸಮ್ಮ ನಗುತ್ತಾ ಓಡಿಸಿದಳು.

ನಾಲ್ಕನೇ ದಿನ ಬೆಳಿಗ್ಗೆ ತಾಳುಬೆಟ್ಟ ದಾಟಿ ಏರು ಶುರುವಾಯಿತು. ಕಾರು ಒಂದು ಚೂರೂ ಏದುಸಿರು ಬಿಡಲಿಲ್ಲ. ಮೊದಲ ತಿರುವಿನ ಕಲ್ಲುಕಟ್ಟೆ ಬಂತು. ಹತ್ತೊಂಬತ್ತು ವರ್ಷವೂ ಚಿಕ್ಕಬಸಮ್ಮ ತಪ್ಪದೆ ಕೂತ ಜಾಗ ಅದು. ದೊಡ್ಡಮಾದಯ್ಯ ಈಗ ನಿಲ್ಲಿಸಬೇಕಾಗುತ್ತದೆ ಅಂತ ಬ್ರೇಕಿನ ಮೇಲೆ ಕಾಲಿಟ್ಟುಕೊಂಡ. ಅವಳು ಆ ಕಡೆ ತಿರುಗಿಯೂ ನೋಡದೆ ದಾಟಿದಳು. ಆಮೇಲೆ ಹುಣಸೆ ಮರ ಬಂತು. ಅದನ್ನೂ ದಾಟಿದಳು. ಅವಳು ಯಾವಾಗಲೂ ಕಾಲು ಮೇಲಿಟ್ಟು ಮುಳ್ಳು ಹುಡುಕುತ್ತಿದ್ದ ಮೋರಿಕಟ್ಟೆಯೂ ಹಿಂದಾಯಿತು.

"ಅಮ್ಮೀ, ಈ ವರ್ಸ ಕಾಲು ನೋಯಕಿಲ್ವಾ? ಎಲ್ಲೂ ಕೂರ್ಲೇ ಇಲ್ವಲ್ಲ."

"ಯಾಕ್ ಕೂರ್ಲಿ? ನೀವು ಕೂತೇ ಇದ್ದೀರಲ್ಲ" ಅಂದಳು ಚಿಕ್ಕಬಸಮ್ಮ, ಅನ್ನ ಆಗಿದೆ ಬನ್ನಿ ಅಂದಷ್ಟೇ ಸಲೀಸಾಗಿ.

ದೊಡ್ಡಮಾದಯ್ಯ ಹಿಂದೆ ಉಳಿದ ಮೋರಿಕಟ್ಟೆಯತ್ತ ತಿರುಗಿ ನೋಡಿದ. ಆ ಕಟ್ಟೆಗಳ ಮೇಲೆಲ್ಲ ಅವಳು ಕೂತಾಗ ಎದೆ ಹೊಡೆದುಕೊಳ್ಳುತ್ತಿದ್ದುದು ಯಾರದು? ಪಂಚೆಯ ತುದಿಯಲ್ಲಿ ಬೆವರು ಒರೆಸಿಕೊಂಡು, ಗುಟುಕು ನೀರು ಕುಡಿದು, "ಇನ್ನೂ ಆಗ್ಲಿಲ್ವಾ ನಿನ್ ಮುಳ್ಳು?" ಅಂತ ರೇಗುತ್ತಿದ್ದವನು ಅವನೇ. ಆದರೆ ಅವಳ ಕಾಲಿನಿಂದ ಒಂದು ದಿನವೂ ಒಂದು ಮುಳ್ಳು ಹೊರಗೆ ಬಂದದ್ದನ್ನು ಅವನು ಕಂಡಿರಲಿಲ್ಲ.

ಅಷ್ಟರಲ್ಲಿ, ಬೆಟ್ಟಕ್ಕೇ ನಡೆದು ಹೊರಟಿದ್ದ ಪರಿಚಯದ ಹೆಂಗಸು ಧನಗೆರೆಯ ಶಿವನಂಜಮ್ಮ ತನ್ನ ಓರಗೆಯ ಹೆಂಗಸರ ಜೊತೆ ದಡದಡ ಹತ್ತಿಕೊಂಡು ಬಂದಳು. "ಬತ್ತೀಯಾ ಬಸಮ್ಮಕ್ಕ, ಜೊತೇಗೆ?"

"ನೀವ್ ನಡೀರವ್ವ. ನಾವ್ ಮೆಲ್ಲಗೆ ಬತ್ತೀವಿ."

ಆಗ ದೊಡ್ಡಮಾದಯ್ಯ ಎಡಕ್ಕೆ ಬಗ್ಗಿ ಹೆಂಡತಿಯ ಕಾಲು ನೋಡಿದ. ನಲವತ್ತು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದ ಅನ್ನಿ. ಉದ್ದಕ್ಕೆ ಚಾಚಬೇಕೆಂದು ಏಳುವ ಹೆಜ್ಜೆಯನ್ನು ಅವಳು ಅರ್ಧಕ್ಕೇ ತಡೆದು ಕೆಳಗಿಡುತ್ತಿದ್ದಳು, ಹೊಸದಾಗಿ ನಡೆಯಲು ಕಲಿತ ಮಗುವಿನ ಪಕ್ಕದಲ್ಲಿ ನಡೆಯುವವರ ಹಾಗೆ. ಗ್ಯಾರೇಜಿನಲ್ಲಿ ತಾನು ಪಂಚೆ ಎತ್ತಿ ಕಟ್ಟಿ ಮೂರು ಸಲ ನಡೆದು ತೋರಿಸಿದ್ದು ನೆನಪಾಯಿತು. ಅಯ್ಯೋ ನನ್ನ ದಡ್ಡತನಕ್ಕಿಷ್ಟು! ನಿಂಗ ಅಳೆದದ್ದು ಇವಳ ನಡಿಗೆಯನ್ನಲ್ಲ, ನನ್ನದನ್ನು. ಪಾಪಿ, ಅವನಿಗೆ ಆಗಲೇ ಗೊತ್ತಾಗಿತ್ತು. ದೊಡ್ಡಮಾದಯ್ಯನಿಗೆ ನಾಚಿಕೆಯಾಯಿತು, ನಗುವೂ ಬಂತು, ಕಣ್ಣೂ ಮಂಜಾಯಿತು.

"ಅಮ್ಮೀ, ನಡಿ."

"ನಡೀತಾನೇ ಇವ್ನಲ್ಲ ನಾನು?"

"ಇಂಗಲ್ಲ. ನೀನೊಬ್ಳೇ ಆಗಿದ್ರೆ ಎಂಗ್ ನಡೀತಿದ್ದೆ, ಅಂಗ್ ನಡಿ. ನಾನ್ ಬತ್ತೀನಿ."

ಅವನು ಎಡಗಾಲಿನಲ್ಲಿ ಕ್ಲಚ್ ಒತ್ತಿದ. ಮಂಡಿ ಚುಳ್ ಅಂದಿತು. ಅಂದರೆ ಅನ್ನಲಿ ಅಂತ ಎರಡನೇ ಗೇರಿಗೆ ಹಾಕಿದ. ಕಾರು ಒಂದು ಸಲ ಮೈ ಕೊಡವಿ ಮುಂದಕ್ಕೆ ಹರಿಯಿತು. ಚಿಕ್ಕಬಸಮ್ಮ ಗಂಡನ ಮುಖ ನೋಡಿದಳು, ಗೇರಿನ ಮೇಲಿದ್ದ ಅವನ ಕೈ ನೋಡಿದಳು. ಏನು ಅರ್ಥವಾಯಿತೋ, ಕಿಟಕಿಯ ಮೇಲಿದ್ದ ಕೈ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು ನೋಡಿ! ಎರಡು ತಿರುವಿನಲ್ಲಿ ಶಿವನಂಜಮ್ಮನ ಗುಂಪನ್ನು ಹಿಂದೆ ಹಾಕಿದಳು. ಅವರೆಲ್ಲ "ಉಘೇ ಮಾದಪ್ಪಾ" ಅಂತ ಕೂಗು ಹಾಕಿದರೆ ಇವಳು ಹುಡುಗಿಯಂತೆ ಕಿಲಕಿಲ ನಕ್ಕಳು. ಕಾರಿನಲ್ಲಿ ದೊಡ್ಡಮಾದಯ್ಯನೂ ಹಾರ್ನ್ ಹೊಡೆದು "ಉಘೇ" ಅಂದ.

ಹಾಗೇ ಎರಡು ಕಿಲೋಮೀಟರು ಹೋಗಿರಬೇಕು. ಒಂದು ತಿರುವಿನಲ್ಲಿ ಚಿಕ್ಕಬಸಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. ಪಕ್ಕದ ಬಂಡೆಯ ಮೇಲೆ ದೊಪ್ಪನೆ ಕೂತಳು.

"ಏನು, ಮುಳ್ಳಾ?" ಅಂದ ದೊಡ್ಡಮಾದಯ್ಯ.

"ಮುಳ್ಳೂ ಇಲ್ಲ ಏನೂ ಇಲ್ಲ" ಅವಳು ಏದುಸಿರಿನ ನಡುವೆ ನಕ್ಕಳು. "ಸುಸ್ತಾಯ್ತು ಕಣ್ರೀ. ನಂಗೇ."

ದೊಡ್ಡಮಾದಯ್ಯ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಚಕ್ರಕ್ಕೊಂದು ಕಲ್ಲು ಕೊಟ್ಟ. ಕುಂಟುತ್ತಾ ಬಂದು ಅವಳ ಪಕ್ಕದಲ್ಲಿ ಕೂತ. ಹಳೇ ಚಾಳಿ, "ಬಾ ಬೇಗ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ನುಂಗಿಕೊಂಡ.

"ಕೂತ್ಕೊ ಅಮ್ಮಿ. ನಿನ್ಗೆ ಆದಾಗ ಓಗಾನ" ಅಂದು ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟ.