ಅರೆಮುಚ್ಚಿದ ಎಡಗಣ್ಣು

ಫ್ಯಾನಿನ ಸದ್ದು ಅಡಗಿಹೋಯಿತಲ್ಲ, ಚಾವಣಿಯದಲ್ಲ, ಕಂಪ್ಯೂಟರಿನ ಹೊಟ್ಟೆಯೊಳಗಿನದು, ದೊಡ್ಡ ಫೈಲು ತೆರೆದರೆ ಸಾಕು ಏದುಸಿರು ಬಿಡುವ ಆ ಪುಟ್ಟ ಫ್ಯಾನು — ಈಗ ತಣ್ಣಗಿದೆ, ಯಾಕೆ ತಣ್ಣಗಿದೆ, ಅವಳ ಬೆರಳು ಇನ್ನೂ ಸೇವ್ ಒತ್ತಿದ ಕೀಲಿಯ ಮೇಲೇ ಇದೆ, ಪರದೆಯ ತಳದಲ್ಲಿ ನೀಲಿ ಗೆರೆ ಹೊರಟಿದೆ, ಬೆನ್ನ ಹಿಂದೆ ಗಿರಾಕಿಗಳ ಬೆಂಚಿನ ಮೇಲೆ ಅಮ್ಮ ಕೂತಿದ್ದಾಳೆ, ಸತ್ತ ಅಕ್ಕನ ಮುಖಕ್ಕಾಗಿ ಕಾಯುತ್ತ. ಗೋಡೆಯಷ್ಟು ದೊಡ್ಡದು ಬೇಕು ಕಣೇ, ದೊಡ್ಡದಾದ್ರೆ ನಂಗಿನ್ನೂ ಕಾಣ್ಸುತ್ತೆ. ಕಣ್ಣಿನ ಡಾಕ್ಟರೂ ಅದನ್ನೇ ಹೇಳಿದ್ದರು, ಚಿಕ್ಕದೆಲ್ಲ ಹೋಯ್ತಮ್ಮ, ದೊಡ್ಡದು ಇನ್ನೊಂದಷ್ಟು ದಿನ. ಅಕ್ಕನದು ಎಂದು ಉಳಿದದ್ದು ಒಂದೇ ಒಂದು, ಶಾಲೆಯ ಗುಂಪು ಫೋಟೊ, ಮೂರನೆಯ ಸಾಲಿನಲ್ಲಿ ಉಗುರಿನಷ್ಟು ಮುಖ, ಎಡಗಣ್ಣು ಅರೆಮುಚ್ಚಿದೆ, ನಗುವಾಗ ಅವಳಿಗೆ ಹಾಗೇ ಆಗುತ್ತಿತ್ತು, ತಂಗಿಯ, ಇವಳ, ಜಡೆ ಎಳೆದು ಓಡುವಾಗಲೂ, ಕೊನೆಯ ಜ್ವರದಲ್ಲಿ ನೀರು ಕೇಳಿದಾಗಲೂ — ಬೇಡ, ಅದು ಈಗ ಬೇಡ. ತೇವ ಹಿಡಿದ ಫೋಟೊ, ಸ್ಕ್ಯಾನರಿನ ಗಾಜಿಗೆ ಅಂಟಿಕೊಂಡಿತು, ಎತ್ತಿದರೆ ಮುಖಗಳೆಲ್ಲ ಹಕ್ಕಳೆ ಎದ್ದು ಚೂರಾದವು, ಅವಳು ಗಾಬರಿಪಡಲೇ ಇಲ್ಲ, ಕಂಪ್ಯೂಟರಿನ ಒಳಗೆ ಬಂತಲ್ಲ ಎಂದುಕೊಂಡಳು, ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ ಚೂರುಗಳನ್ನು ಎಸೆದವಳೂ ಅವಳೇ, ಅಯ್ಯೋ ಇವಳ ಕೈಗಿಷ್ಟು ಬೆಂಕಿ ಹಾಕ.

ಎಲ್ಲವನ್ನೂ ಈ ಅಂಗಡಿಯ ಯಜಮಾನರು ಹೇಳಿಕೊಟ್ಟಂತೆಯೇ ಮಾಡಿದಳಲ್ಲ. ಈ ಮೆಷಿನ್ನು ನಮ್ ಮಾವನ ಥರ ಕಣಮ್ಮ, ಅವಸರ ಮಾಡಿದ್ರೆ ಕೂತ್ಬಿಡುತ್ತೆ, ನಾವೇ ಹೊಂದ್ಕೊಂಡು ಹೋಗ್ಬೇಕು. ಅಂಗಡಿಯ ಬ್ಯಾನರುಗಳನ್ನೆಲ್ಲ ಹೀಗೆ ಪುಸಲಾಯಿಸಿಯೇ ಮುಗಿಸಿದ್ದಾಳೆ, ಬೇರೆ ಕಿಟಕಿ ಮುಚ್ಚು, ಬೇಡದ್ದು ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡು, ಚಿತ್ರವನ್ನು ಹತ್ತರಲ್ಲೊಂದು ಪಾಲಿನಷ್ಟಕ್ಕೆ ಚಿಕ್ಕದು ಮಾಡಿ ಬೇರೆ ಹೆಸರು ಕೊಟ್ಟು ಅದರ ಮೇಲೆ ಕೈ ಪಳಗಿಸು, ಆಮೇಲೆ ದೊಡ್ಡದಕ್ಕೆ ಕೈ ಹಾಕು. ಚಿಕ್ಕದು ಮಾಡಿದಳು. ಆದರೂ ಮೆಷಿನ್ನು ತೆವಳುತ್ತಿತ್ತು, ಮಾಡಿದ್ದನ್ನ ವಾಪಸ್ ತಗೊಳ್ಳೋಕೆ ಅಂತ ಹಿಂದಿನ ಹೆಜ್ಜೆಗಳನ್ನೆಲ್ಲ ಅದು ಎದೆಗವುಚಿಕೊಂಡಿರುತ್ತೆ, ಅದನ್ನು ಕಿತ್ತಾಕಮ್ಮ, ಹಗುರಾಗುತ್ತೆ — ಕಿತ್ತು ಹಾಕಿದಳು, ಹಗುರಾಯಿತು, ಗರಿಯ ಹಾಗೆ ಹಾರಿತು, ಅಕ್ಕನ ಕೆನ್ನೆಯ ಬಿರುಕಿನ ಮೇಲೆ ಬೆರಳಾಡಿಸಿದಂತೆ ಮೌಸು ಆಡಿತು, ಅಷ್ಟು ಹೊತ್ತಿಗೆ ಅಮ್ಮ, ಆ ಕಣ್ಣು ಸರಿಮಾಡೋಕೆ ಹೋಗ್ಬೇಡ್ವೇ, ಅವಳ ನಗುನೇ ಅದು, ಇಲ್ಲಮ್ಮ ಮುಟ್ಟಲ್ಲ ಎಂದು ಹಿಂತಿರುಗಿ ನೋಡಿದಳು, ನೋಡುತ್ತಿದ್ದಾಗಲೇ ಎಡಗೈ ತನ್ನ ಪಾಡಿಗೆ ತಾನು ಒತ್ತಿಬಿಟ್ಟಿತು, ನಿಮಿಷಕ್ಕೊಮ್ಮೆ ಸೇವ್ ಮಾಡಮ್ಮ ಇದು ಯಾವಾಗ ಕೈಕೊಡುತ್ತೋ, ಹೌದು, ರೂಢಿ, ಹಾಳು ರೂಢಿ.

ಹೊಸ ಹೆಸರು ಕೊಟ್ಟಿದ್ದೆನೋ ಇಲ್ಲವೋ. ‘ಅಕ್ಕ ಚಿಕ್ಕದು’ ಎಂದು ಟೈಪು ಮಾಡಿದ ನೆನಪಿದೆ, ಅಥವಾ ಮಾಡಬೇಕು ಎಂದುಕೊಂಡ ನೆನಪು, ಕೊಡದಿದ್ದರೆ ದೊಡ್ಡ ಅಕ್ಕನ ಜಾಗದಲ್ಲಿ ಈ ಚಿಕ್ಕ ಅಕ್ಕ ಕೂತಳು, ಹಿಂದಕ್ಕೆ ಹೋಗಲು ಹೆಜ್ಜೆಗಳಿಲ್ಲ, ಕಿತ್ತು ಹಾಕಿದೆನಲ್ಲ. ಹೆಸರು ಪರದೆಯ ನೆತ್ತಿಯ ಮೇಲೇ ಇದೆ, ಕಣ್ಣೆತ್ತಿದರೆ ಮುಗಿಯಿತು, ಎತ್ತಲಾರಳು, ಭಯ, ಅಕ್ಕನ ಹಾಸಿಗೆಯ ಪಕ್ಕ ನಿಂತಾಗ ಆಗಿದ್ದ ಅದೇ ಭಯ, ನೀಲಿ ಗೆರೆಯೇ, ನಿಧಾನ ಹೋಗೇ ನನ್ನಮ್ಮ, ಯಾವತ್ತೂ ಬೈಯುತ್ತಿದ್ದೆ, ಇವತ್ತೊಂದು ದಿನ ತೆವಳು, ತೆವಳಿದರೆ ದೊಡ್ಡದು ಎಂದರ್ಥ, ಸಿಕ್ಕಿಹಾಕಿಕೋ, ಕೂತುಬಿಡು — ಗೆರೆ ಸರಕ್ಕನೆ ಆ ತುದಿ ಮುಟ್ಟಿತು. ಮುಗಿಯಿತು. ಕಣ್ಣೆತ್ತಿದಳು. ‘ಅಕ್ಕ’. ಅಷ್ಟೇ ಇದೆ.

ಯಾಕೇ ಟಕ್ ಟಕ್ ನಿಂತ್ಹೋಯ್ತು, ಆಯ್ತಾ? ಬೆಂಚು ಕಿರುಗುಟ್ಟಿತು, ಅಮ್ಮ ಮೇಜು ತಡವುತ್ತ ಬರುತ್ತಿದ್ದಾಳೆ, ಒಂದ್ಸಲ ದೊಡ್ಡದು ಮಾಡಿ ತೋರ್ಸೇ, ಬೇಡಮ್ಮ ಎನ್ನಬೇಕು, ಕೈ ಮಾತ್ರ ಅಮ್ಮ ಹೇಳಿದ್ದು ಕೇಳುತ್ತದೆ, ಹಿಗ್ಗಿಸುತ್ತದೆ, ಮೂರನೆಯ ಸಾಲು, ಮುಖ, ಇನ್ನೂ ಹಿಗ್ಗಿಸುತ್ತದೆ, ಕಣ್ಣು — ಕಣ್ಣೆಲ್ಲಿ, ನಾಲ್ಕು ಬೂದು ಚೌಕಗಳು, ಎರಡು ಕಪ್ಪಗೆ, ಎರಡು ಸ್ವಲ್ಪ ತಿಳಿ. ಅಮ್ಮ ಮೂಗು ತಾಗುವಷ್ಟು ಹತ್ತಿರ ಬಾಗಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಬಾಗಿದಳು. ಬರೀ ಚೌಕ ಚೌಕ ಕಾಣ್ಸುತ್ತಲ್ಲೇ. ದೊಡ್ಡದೂ ಹೋಯ್ತು ಅಂತ ಕಾಣುತ್ತೆ ನಂಗೆ, ಹೋಗ್ಲಿ ಬಿಡು, ಇಷ್ಟು ದಿನ ಇದ್ದದ್ದೇ ಹೆಚ್ಚು, ನೀನು ನೋಡಿ ಹೇಳು, ನಗ್ತಿದಾಳಾ? ಅಮ್ಮ ನಿನ್ನ ಕಣ್ಣಲ್ಲ ನನ್ನ ಕೈ ಎಂದು ಈಗ, ಈಗಲೇ ಹೇಳಬೇಕು — ಎರಡು ಕಪ್ಪಗೆ, ಎರಡು ತಿಳಿ — ಹೇಳೇ, ನಗ್ತಿದಾಳಾ — ನಾಲ್ಕು ಚೌಕ, ನಾಲ್ಕು ಬೂದು ಚೌಕ