ಬಲದವಡೆ ಒಂದು ಹೇಳಿತು, ಎಡದವಡೆ ಇನ್ನೊಂದು

ಶಹಾಪುರ, ಸುರಪುರ ಎರಡೂ ತಾಲೂಕಿನ ಭತ್ತವೆಲ್ಲ ನನ್ನ ಬಾಯಿಯ ಮೂಲಕವೇ ಹಾದುಹೋಗಿದೆ ಎಂದರೆ ಜನ ನಗುತ್ತಾರೆ. ನಗಲಿ. ಶಹಾಪುರದ ಲಕ್ಷ್ಮಿಕಾಂತ ಸಾಹುಕಾರರು ರೈತರ ಭತ್ತ ಕೊಳ್ಳುವ ಅಡತಿ ಅಂಗಡಿಯ ಮುಂದೆ ರಾಶಿ ಬಿತ್ತೆಂದರೆ ಮೊದಲು ಈ ಬಸಲಿಂಗ ಬರಬೇಕು, ಒಂದು ಕಾಳನ್ನು ಬಲದವಡೆಗೆ ಇಟ್ಟು ಕಚ್ಚಬೇಕು. ‘ಕಟ್’ ಎಂದರೆ ಒಣಗಿದೆ, ತೂಕಕ್ಕೆ ಹಾಕಿ. ಮೆತ್ತಗೆ ಚಪ್ಪಟೆಯಾದರೆ ಹಸಿ, ಮತ್ತೆ ಬಿಸಿಲಿಗೆ ಹರವಿ. ಸುಗ್ಗಿಯ ಕಾಲದಲ್ಲಿ ಮೋಡಗಳು ಕೂಡ ನನ್ನ ಹಲ್ಲಿಗೆ ಹೆದರಿ ಕೃಷ್ಣೆಯ ಆಚೆ ದಡದಲ್ಲೇ ನಿಲ್ಲುತ್ತಿದ್ದವು. ಸಾಹುಕಾರರ ಬಳಿ ತೇವ ಅಳೆಯುವ ಮಷೀನು ಇತ್ತು, ಖರೆ. ಅದು ಡಬ್ಬಿಯೊಳಗೆ ಮಲಗಿರುತ್ತಿತ್ತು.

ಅಂಥ ಹಲ್ಲು ಮುರಿದದ್ದು ಕೆಂಭಾವಿಯ ಹಂಪಮ್ಮನ ಭತ್ತದಲ್ಲಿ. ಕಾಳಿನ ಜೊತೆ ಒಂದು ಕಲ್ಲು ಬಂದಿತ್ತು. ಸಾಸಿವೆಯಷ್ಟಿತ್ತು ಎಂದು ಹಂಪಮ್ಮ ಹೇಳುತ್ತಾಳೆ. ನನ್ನ ಲೆಕ್ಕದಲ್ಲಿ ಅದು ಸುರಪುರದ ಗುಡ್ಡದಿಂದ ಉರುಳಿ ಬಂದ ಬಂಡೆ. ಹಲ್ಲು ಮುರಿದ ಸದ್ದಿಗೆ ಬಸ್‌ಸ್ಟ್ಯಾಂಡಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಯಾದಗಿರಿಯಲ್ಲಿ ಹಲ್ಲಿನ ಡಾಕ್ಟರ್ ಸುಮಲತಾ ನನ್ನ ಬಾಯಿ ತೆರೆಸಿ ನೋಡಿದರು.

“ಅರ್ಧ ಹಲ್ಲೇ ಹೋಗ್ಯಾದಲ್ರಿ. ಇಲ್ಲೇ ಕುಂದ್ರಿಸಿ ಫಿಲ್ಲಿಂಗ್ ತುಂಬಿದ್ರ ಬಾಳ ದಿನ ನಿಲ್ಲಂಗಿಲ್ಲ. ಅಚ್ಚು ತಗೊಂಡು ಹೈದರಾಬಾದಿನ ಲ್ಯಾಬಿಗೆ ಕಳಸ್ತೀನಿ. ಮುರಿದಿದ್ದು ಎಷ್ಟದ ಅಷ್ಟೇ ತುಂಡು ಅಲ್ಲಿ ಮಾಡ್ತಾರ. ಬಂದ ಮ್ಯಾಲೆ ನಾ ಅಂಟಸ್ತೀನಿ.”

“ಬಾಯಿ ಇಲ್ಲಿ, ಹಲ್ಲು ಹೈದರಾಬಾದಿನ್ಯಾಗ ಏನ್ರಿ?”

“ಹಂಗೇ ತಿಳೀರಿ. ಈಗ ಬಾಯಿ ಮುಚ್ಚಿ ಇದನ್ನ ಕಚ್ರಿ.”

ಕಲಸಿದ ಹಿಟ್ಟಿನಂಥದ್ದನ್ನು ಕಚ್ಚಿಸಿ ಅಚ್ಚು ತೆಗೆದರು. ಮುರಿದ ಜಾಗಕ್ಕೆ ಮೆತ್ತನೆಯದೇನೋ ಮೆತ್ತಿ, ತುಂಡು ಬರುವವರೆಗೆ ಆ ಕಡೆ ಏನೂ ಕಚ್ಚಬೇಡಿ ಎಂದರು. ಅಲ್ಲಿಯವರೆಗೆ ಎಡದವಡೆಯೇ ಗತಿಯಾಯಿತು. ಎಡದವಡೆ ಸಂಶಯದ ಪ್ರಾಣಿ. ಬೆಂಕಿಯಲ್ಲಿ ಹುರಿದ ಕಾಳು ಕೊಟ್ಟರೂ ‘ಇನ್ನೂ ಸ್ವಲ್ಪ ಹಸಿ’ ಎನ್ನುವಂಥದ್ದು. ಅದರ ಮಾತು ಕೇಳಿ ನಾನು ವಾಪಸು ಕಳಿಸಿದ ಒಂದು ರಾಶಿ ಎದುರು ಅಂಗಡಿಯಲ್ಲಿ ಒಣ ಭತ್ತವೆಂದು ಮಾರಾಟವಾಯಿತು.

ಸಾಹುಕಾರರು ಮಷೀನಿನ ಡಬ್ಬಿಯನ್ನು ಮೇಜಿನ ಮೇಲೆ ತಂದಿಟ್ಟರು. “ಬಸಲಿಂಗ, ಹೊಸ ಹಲ್ಲು ಹಾಕಿಸ್ಕೊಂಡು ಬಾ. ಅದೂ ತಪ್ಪಿದ್ರ ನಿನ್ನ ಕುರ್ಚಿ ಮ್ಯಾಲೆ ಇದು ಕುಂದರ್ತದ, ನೀ ಚೀಲದ ಬಾಯಿ ಹೊಲ್ಕೋತ ಕುಂದರು.”

ತುಂಡು ಬಂತೆಂದು ಫೋನು ಬಂದಾಗ ನಾನು ಖಾಲಿ ಹೋಗಲಿಲ್ಲ. ಒಂದು ಪೊಟ್ಟಣದಲ್ಲಿ ಒಣ ಭತ್ತ, ಇನ್ನೊಂದರಲ್ಲಿ ಹಸಿ ಭತ್ತ ಕಟ್ಟಿಕೊಂಡೆ. ಒಣದು ಬಲಜೇಬಿಗೆ, ಹಸಿಯದು ಎಡಜೇಬಿಗೆ. ಯಾದಗಿರಿಯ ಬಸ್ಸಿನಲ್ಲಿ ಅರ್ಧ ಜಿಲ್ಲೆಯೇ ನನ್ನ ಮೈಮೇಲೆ ನಿಂತಿತ್ತು. ಪೊಟ್ಟಣ ಒಡೆದಾವೆಂದು ಎರಡನ್ನೂ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಬಿಳಿಯ ಕಲ್ಲಿನ ಚೂರಿನಂಥ ತುಂಡು ಹಲ್ಲಿನ ಗುಂಡಿಯಲ್ಲಿ ಹೋಗಿ ಕೂತಿತು, ಬಾಗಿಲಿಗೆ ಚಿಲಕ ಕೂತಂತೆ. ಡಾಕ್ಟರು ಅಂಟಿಸಿ, ಹಲ್ಲು ತಾಗಿದಲ್ಲಿ ಗುರುತು ಬೀಳುವ ನೀಲಿ ಕಾಗದದ ಪಟ್ಟಿ ಇಟ್ಟರು. “ಕಚ್ರಿ. ಎತ್ತರ ಅನಸ್ತದೇನು?”

“ಕಾಗದಕ್ಕೇನು ತಿಳೀತದ್ರಿ,” ಎಂದು ನಾನು ಒಂದು ಪೊಟ್ಟಣ ಬಿಚ್ಚಿ ಕಾಳು ಬಾಯಿಗೆ ಹಾಕಿಕೊಂಡೆ.

ಡಾಕ್ಟರು ಕೈಯಲ್ಲಿನ ಹಲ್ಲು ತಿಕ್ಕುವ ಮಷೀನು ಹಾಗೇ ಹಿಡಿದು ನನ್ನನ್ನೇ ನೋಡಿದರು. ತುಸು ತಿಕ್ಕಿದರು. “ಈಗ ಹ್ಯಾಂಗದ?”

“ಹಸಿ.”

“ನಾ ಬತ್ತ ಕೇಳ್ಲಿಲ್ರಿ, ಹಲ್ಲು ಕೇಳಿದೆ.”

“ಎರಡೂ ಒಂದೇ ಅವ ತಗೋರಿ. ಇನ್ನೊಂದೀಟು ತಿಕ್ರಿ.”

ನೀಲಿ ಗುರುತು ನೋಡುತ್ತ ತಿಕ್ಕಿದರು, ನಾನು ಕಾಳು ಕಚ್ಚುತ್ತ ಹೋದೆ. ಕೊನೆಗೆ ‘ಕಟ್’ ಎಂದಿತು. ಗುಡಿಯ ಗಂಟೆಯಂಥ ಸದ್ದು. ಎದೆಯುಬ್ಬಿಸಿ ಹೊರಗೆ ಬಂದು ಬಸ್ಸು ಹತ್ತಿದ ಮೇಲೆ ತಲೆಯೊಳಗೆ ಹುಳ ಹೊಕ್ಕಿತು. ನಾನು ಬಿಚ್ಚಿದ್ದು ಒಣ ಪೊಟ್ಟಣವೋ, ಹಸಿಯದೋ? ಹಸಿಯದಾಗಿದ್ದರೆ ಈ ಹಲ್ಲು ಹಸಿ ಭತ್ತಕ್ಕೇ ಕಟ್ ಎನ್ನುವುದನ್ನು ಕಲಿತು ಬಂದಿದೆ. ಉಳಿದ ಕಾಳನ್ನು ಕಚ್ಚಿ ನೋಡೋಣವೆಂದರೆ ಕಚ್ಚಬೇಕಾದದ್ದು ಅದೇ ಹಲ್ಲಿನಿಂದ, ಇಲ್ಲವೇ ಸಂಶಯದ ಎಡದವಡೆಯಿಂದ.

ಮರುದಿನ ಅಂಗಡಿಯ ಮುಂದೆ ಹಂಪಮ್ಮನದೇ ರಾಶಿ.

“ಈ ಸಲ ಒಂದು ಕಲ್ಲಿಲ್ಲ ನೋಡಪ್ಪ, ಕೈಯಾರೆ ಆರಿಸೀನಿ,” ಎಂದು ಬೊಗಸೆ ಭತ್ತ ನನ್ನ ಮುಂದೆ ಹಿಡಿದಳು. “ನಿನ್ನ ಹಲ್ಲಿನ ಪಾಪ ನನಗ್ಯಾಕ.”

ಸಾಹುಕಾರರು ಡಬ್ಬಿಯ ಮೇಲೆ ಕೈಯಿಟ್ಟು ನಿಂತಿದ್ದರು. ಬಲಕ್ಕೆ ಕಚ್ಚಿದೆ: ಕಟ್. ಎಡಕ್ಕೆ ಕಚ್ಚಿದೆ: ಮೆತ್ತಗೆ. ಮತ್ತೆ ಬಲಕ್ಕೆ: ಕಟ್. ಮತ್ತೆ ಎಡಕ್ಕೆ: ಮೆತ್ತಗೆ. ರಾಶಿಯ ಬುಡಕ್ಕೆ ಕೈ ಹಾಕಿ ತೆಗೆದು ಕಚ್ಚಿದೆ, ಕಣ್ಣು ಮುಚ್ಚಿ ಕಚ್ಚಿದೆ. ಒಂದೇ ಬಾಯಿ, ಎರಡು ದವಡೆಗಳ ಜಗಳ.

“ಏನಂತದ ನಿನ್ನ ಹೈದರಾಬಾದ?” ಎಂದರು ಸಾಹುಕಾರರು.

ಸುಳ್ಳು ಹೇಳಲು ನನಗೇನು ಬರುವುದಿಲ್ಲವೇ? ಒಣ ಎಂದು ಗರ್ಜಿಸಬಹುದಿತ್ತು. ಹಸಿಯಾಗಿದ್ದರೆ ಗೋದಾಮಿನಲ್ಲಿ ಚೀಲ ಬಿಸಿಯಾಗಿ ಮೊಳಕೆ ಒಡೆಯುತ್ತದೆ. ಹಸಿ ಎನ್ನಬಹುದಿತ್ತು. ಒಣಗಿದ್ದರೆ ಹಂಪಮ್ಮ ಎದುರು ಅಂಗಡಿಗೆ ಹೋಗುತ್ತಾಳೆ. ಎರಡರಲ್ಲೂ ಕುರ್ಚಿ ಹೋಗುತ್ತದೆ.

“ಗೊತ್ತಾಗವಲ್ದ್ರಿ,” ಎಂದೆ.

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಹಮಾಲರು ಚೀಲ ಇಳಿಸಿ ನಿಂತರು.

ಸಾಹುಕಾರರು ಮಷೀನು ತೆಗೆದು ಕಾಳು ತುಂಬಿದರು. ಅದು ಒಂದು ಅಂಕಿ ತೋರಿಸಿತು. ಖಾತ್ರಿಗೆಂದು ಮತ್ತೆ ತುಂಬಿದರು. ಬೇರೆ ಅಂಕಿ. ಅಂಗೈಯಿಂದ ಎರಡು ಬಡಿದರು, ಮೂರನೆಯದೊಂದು ಅಂಕಿ ಬಂತು. ಈಗ ಅವರ ಮುಖವೂ ನನ್ನ ಮುಖದಂತೆಯೇ ಆಯಿತು.

“ಅವನ ಹಲ್ಲಿಗೂ ತಿಳಿವಲ್ದು, ನಿಮ್ಮ ಡಬ್ಬಿಗೂ ತಿಳಿವಲ್ದು,” ಎಂದಳು ಹಂಪಮ್ಮ. “ಇಬ್ರೂ ಕೂಡಿ ನನ್ನ ಬಸ್ ತಪ್ಪಸ್ತೀರಿ. ಹರವ್ರಿ ಅತ್ಲಾಗ, ಇವತ್ತಿನ ಬಿಸಿಲು ಕುಡೀಲಿ.”

ಹರವಿದೆವು. ನಾನೇ ದಿನವಿಡೀ ಕಾಲಾಡಿಸಿ ಭತ್ತ ತಿರುವಿದೆ. ಶಹಾಪುರದ ಬಿಸಿಲು ಅಂದು ನನ್ನ ಮಾನಕ್ಕಾಗಿ ಎರಡು ಪಟ್ಟು ಸುರಿಯಿತು. ಹೊತ್ತು ಇಳಿದಾಗ ಕಚ್ಚಿದೆ. ಬಲಕ್ಕೆ ಕಟ್. ಎಡಕ್ಕೂ ಕಟ್.

“ಹಾಕ್ರಿ ತೂಕಕ್ಕ,” ಎಂದೆ. ಸಾಹುಕಾರರು ನನ್ನ ಮುಖ ನೋಡಿದರು, ಮಷೀನು ನೋಡಿದರು, ಆಮೇಲೆ ಅದನ್ನು ಡಬ್ಬಿಯೊಳಗಿಟ್ಟರು. ಡಬ್ಬಿ ಮಾತ್ರ ಮೇಜಿನ ಮೇಲೆಯೇ ಇದೆ.

ಅಂದಿನಿಂದ ಎರಡೂ ದವಡೆ ಒಪ್ಪದ ರಾಶಿಯನ್ನು ನಾನು ತೂಕಕ್ಕೆ ಬಿಡುವುದಿಲ್ಲ. ಇಡೀ ಜಿಲ್ಲೆಯಲ್ಲಿ ಇಬ್ಬರು ಜಡ್ಜರಿರುವ ಬಾಯಿ ನನ್ನದೊಂದೇ. ಆದರೆ ಆ ದಿನ ಬೆಳಿಗ್ಗೆ ಅವರಲ್ಲಿ ಸುಳ್ಳು ಹೇಳಿದವರು ಯಾರೆಂದು ಕೇಳಬೇಡಿ. ಹಂಪಮ್ಮ ಬಂದಾಗಲೆಲ್ಲ ಅದನ್ನೇ ಕೇಳುತ್ತಾಳೆ, ನಾನು ಬಾಯಿ ಮುಚ್ಚಿಕೊಂಡು ಎರಡೂ ಕಡೆ ನಾಲಿಗೆ ಆಡಿಸುತ್ತೇನೆ.